ಲಾಡಿಯ ಎರಡು ಅಂಚು

ಓದೋದನ್ನು ಅರೆಗಳಿಗೆ ನಿಲ್ಲಿಸಿ, ಕೈಗೆ ಸಿಗುವ ಯಾವುದಾದರೂ ಒಂದು ನೇಯ್ದ ಪಟ್ಟಿ ಹಿಡಿದುಕೊಳ್ಳಿ. ಮಕ್ಕಳ ಶಾಲೆ ಚೀಲದ ಹೆಗಲಪಟ್ಟಿ ಆದೀತು, ಕಾರಿನ ಸೀಟ್ ಬೆಲ್ಟ್ ಆದೀತು, ಪೈಜಾಮದ ಲಾಡಿ ಆದರೂ ಅಡ್ಡಿಯಿಲ್ಲ. ಅದರ ಎರಡೂ ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಅಂಚಿನಲ್ಲಿ ಅಡ್ಡ ದಾರ ಸುಮ್ಮನೆ ಸುತ್ತಿ ವಾಪಸು ಹೋಗಿರುತ್ತದೆ. ಇನ್ನೊಂದು ಅಂಚಿನಲ್ಲಿ ಸಣ್ಣದೊಂದು ಸರಪಳಿ ಕಾಣಬೇಕು, ಕ್ರೋಶಾ ಕಡ್ಡಿಯಲ್ಲಿ ಹಾಕಿದ ಹಾಗೆ, ಕುಣಿಕೆಯೊಳಗೆ ಕುಣಿಕೆ. ಕಂಡಿತೋ? ಹಾಗಾದರೆ ನಿಮ್ಮ ಪಟ್ಟಿ ಸೂಜಿ ಮಗ್ಗದಲ್ಲಿ ಹುಟ್ಟಿದ್ದು. ಎರಡೂ ಅಂಚು ಒಂದೇ ಥರ ಇದ್ದರೆ ಅದು ಲಾಳಿ ಮಗ್ಗದ ಕೂಸು, ಈಗಿನ ಕಾಲಕ್ಕೆ ಅಪರೂಪ, ಜೋಪಾನ ಮಾಡಿ.

ಬಟ್ಟೆಯ ಚರಿತ್ರೆ ಅಂದರೆ ನಮಗೆ ಸೀರೆ, ಧೋತರ, ಮಸ್ಲಿನ್ನು. ಪಟ್ಟಿಯ ಚರಿತ್ರೆ ಯಾರಿಗೂ ಬೇಡ. ಸಾಮಾನ್ಯವಾಗಿ ಒಂದಡಿಗಿಂತ ಕಡಿಮೆ ಅಗಲ ಇದ್ದು, ಎರಡೂ ಕಡೆ ಮಗ್ಗದಲ್ಲೇ ಮುಗಿದ ಅಂಚಿರುವ ನೇಯ್ಗೆಗೆ ಈ ಉದ್ಯಮದವರು ಕಿರುಅಗಲದ ಬಟ್ಟೆ ಅನ್ನುತ್ತಾರೆ. ಲಾಡಿ, ರಿಬ್ಬನ್ನು, ನವಾರ, ಟೇಪು, ಇಲಾಸ್ಟಿಕ್ಕು, ಜಿಪ್ಪಿನ ಎರಡು ಬದಿಯ ಪಟ್ಟಿ, ಲಾಟೀನಿನ ಚಪ್ಪಟೆ ಬತ್ತಿ, ಸೈನಿಕರ ಪದಕ ನೇತಾಡುವ ಬಣ್ಣದ ರಿಬ್ಬನ್ನು, ಎಲ್ಲ ಈ ಕುಲದ್ದೇ. ಇದರಲ್ಲಿ ಮರ್ಯಾದೆಯ ಕೆಲಸ ಮಾಡುವುದು ಪದಕದ ರಿಬ್ಬನ್ನು ಒಂದೇ. ಉಳಿದವೆಲ್ಲ ಬಟ್ಟೆಯ ಒಳಗೆ ಅಡಗಿ ಕೂತು ಭಾರ ಹೊರುವ ಜಾತಿ.

ನನ್ನ ಊರು ದೇವಬಾಗ. ಕಾಳಿ ನದಿ ಸಮುದ್ರ ಸೇರುವಲ್ಲಿ, ಸದಾಶಿವಗಡದ ಪಕ್ಕ, ಒಂದು ಮಗ್ಗುಲಿಗೆ ನದಿ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ. ನಡುವೆ ಗಾಳಿಮರ, ಮರಳು. ಊರೇ ಒಂದು ಪಟ್ಟಿ ಅನ್ನಿ. ಈ ಪಟ್ಟಿಯ ಹುಚ್ಚು ನನಗೆ ಹತ್ತಿದ್ದು ಮನೆಯ ನವಾರ ಮಂಚದಿಂದ. ಚೌತಿಗೆ ಮುಂಚೆ ಮಂಚದ ನವಾರ ಪೂರ್ತಿ ಬಿಚ್ಚಿ, ತೊಳೆದು, ಗಾಳಿಮರಕ್ಕೆ ಕಟ್ಟಿ ಒಣಗಿಸಿ, ಮತ್ತೆ ಬಿಗಿಯುವುದು ಅಜ್ಜಿಯ ಕಾಯಿದೆ. ಎಳೆದು ಹಿಡಿಯುವ ಕೆಲಸ ಹುಡುಗರದ್ದು. “ಇನ್ನೂ ಎಳಿಯೋ, ಊಟ ಮಾಡ್ಲಿಲ್ಲೇನು?” ಅಂತ ಅಜ್ಜಿ. ಎಷ್ಟು ಎಳೆದರೂ ನವಾರ ಹರಿಯುತ್ತಿರಲಿಲ್ಲ. ಯಾಕೆ ಅಂತ ಗೊತ್ತಾದದ್ದು ಬಹಳ ವರ್ಷದ ನಂತರ. ಅಗಲ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಹೆಚ್ಚುಕಡಿಮೆ ಸಮಪಾಲು. ನವಾರದಲ್ಲಿ ಹಾಗಲ್ಲ. ಉದ್ದದ ಹಾಸು ದಾರಗಳೇ ಒತ್ತೊತ್ತಾಗಿ ಮೇಲೂ ಕೆಳಗೂ ತುಂಬಿಕೊಂಡಿರುತ್ತವೆ. ಅಡ್ಡ ಹೋಗುವ ಹೊಕ್ಕು ಒಳಗೆ ಹುದುಗಿ ಕಣ್ಣಿಗೇ ಬೀಳುವುದಿಲ್ಲ. ಎಳೆತ ಉದ್ದಕ್ಕೆ ಬರುವುದು, ಅದಕ್ಕೇ ದಾರವೂ ಉದ್ದಕ್ಕೇ ಜಾಸ್ತಿ. ಹೊಕ್ಕಿನ ಕೆಲಸ ಹಾಸನ್ನು ಒಟ್ಟಿಗೆ ಹಿಡಿದುಕೊಂಡಿರುವುದು, ಅಂಚಿನಲ್ಲಿ ತಿರುಗುವುದು, ಅಷ್ಟೇ. ಅಂಚು ಕೆಟ್ಟರೆ ಪಟ್ಟಿ ಕೆಟ್ಟಿತು.

ಇನ್ನು ಯಂತ್ರದ ವಿಷಯ. ನಮ್ಮ ಪಠ್ಯಪುಸ್ತಕದಲ್ಲಿ ಯಂತ್ರದ ನೇಯ್ಗೆ ಶುರುವಾಗುವುದು ಜಾನ್ ಕೇ ಎಂಬಾತನ ಹಾರುವ ಲಾಳಿಯಿಂದ, 1733. ಆಮೇಲೆ 1785ರಲ್ಲಿ ಕಾರ್ಟ್‌ರೈಟ್‌ನ ಪವರ್ ಲೂಮ್. ಆದರೆ ಅದಕ್ಕೂ ನೂರು ವರ್ಷ ಮುಂಚೆಯೇ ಯುರೋಪಿನಲ್ಲಿ ಒಬ್ಬ ಮನುಷ್ಯ ಏಕಕಾಲಕ್ಕೆ ಹತ್ತಾರು ಬಟ್ಟೆ ನೇಯುತ್ತಿದ್ದ. ಹೇಗೆ? ಅವು ರಿಬ್ಬನ್ನುಗಳಾಗಿದ್ದವು.

ಗುಟ್ಟು ಸರಳ ಇದೆ. ಸೀರೆ ನೇಯುವಾಗ ಲಾಳಿ ಈ ಕೈಯಿಂದ ಹೊರಟು, ಎತ್ತಿದ ಎಳೆಗಳ ನಡುವಿನ ಸಂದಿಯಲ್ಲಿ ತೇಲಿ, ಆ ಕೈಗೆ ಸಿಗಬೇಕು. ನಡುದಾರಿಯಲ್ಲಿ ಅದನ್ನು ಯಾರೂ ಹಿಡಿದಿಲ್ಲ. ಎಸೆಯಬೇಕು, ಹಿಡಿಯಬೇಕು; ಜೋರಾದರೆ ಪುಟಿಯುತ್ತದೆ, ಮೆಲ್ಲಗಾದರೆ ನಡುವೆ ನಿಲ್ಲುತ್ತದೆ. ಯಂತ್ರಕ್ಕೆ ಇದನ್ನು ಕಲಿಸುವುದು ಕಷ್ಟ. ರಿಬ್ಬನ್ನಿನ ಅಗಲವೋ ಎರಡು ಬೆರಳು. ಲಾಳಿಯ ಉದ್ದ ಅದಕ್ಕಿಂತ ಹೆಚ್ಚು. ಹಾಗಾಗಿ ಲಾಳಿಯ ಬಾಲ ಈ ಕಡೆಯ ಹಿಡಿಕೆ ಬಿಡುವ ಮೊದಲೇ ಅದರ ಮೂತಿ ಆ ಕಡೆಯ ಹಿಡಿಕೆಗೆ ಸಿಕ್ಕಿರುತ್ತದೆ. ಎಸೆಯುವ ಪ್ರಶ್ನೆಯೇ ಇಲ್ಲ, ದಾಟಿಸಿದರೆ ಸಾಕು. ಒಂದು ಚೌಕಟ್ಟಿನಲ್ಲಿ ಹತ್ತೋ ಇಪ್ಪತ್ತೋ ರಿಬ್ಬನ್ನಿನ ಹಾಸನ್ನು ಪಕ್ಕಪಕ್ಕ ಕಟ್ಟಿ, ಪ್ರತಿಯೊಂದಕ್ಕೂ ಒಂದು ಪುಟ್ಟ ಲಾಳಿ ಕೊಟ್ಟು, ಎಲ್ಲ ಲಾಳಿಗಳನ್ನೂ ಒಂದೇ ಹಲ್ಲುಕಂಬಿಗೆ ಸೇರಿಸಿದರೆ ಆಯಿತು. ಕಂಬಿ ಎಡಕ್ಕೆ ಸರಿದರೆ ಇಪ್ಪತ್ತೂ ಲಾಳಿ ಎಡಕ್ಕೆ, ಬಲಕ್ಕೆ ಸರಿದರೆ ಇಪ್ಪತ್ತೂ ಬಲಕ್ಕೆ. ಇದನ್ನು ಓಡಿಸಲು ನೇಯ್ಗೆ ಗೊತ್ತಿರುವವನೇ ಬೇಕಾಗಿಲ್ಲ. ಕಂಬಿಯನ್ನು ಹಿಂದೆ ಮುಂದೆ ಆಡಿಸಲು ಬರುವ ಒಬ್ಬ ಹುಡುಗ ಸಾಕು.

ಆ ಕೊನೆಯ ವಾಕ್ಯ ಯುರೋಪಿನ ನೇಕಾರರಿಗೂ ಬೇಗ ಅರ್ಥವಾಯಿತು. ಲ್ಯಾನ್ಸೆಲೊಟ್ಟಿ ಎಂಬ ಇಟಲಿಯ ಪಾದ್ರಿ 1636ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಒಂದು ಕಥೆ ಬರೆದಿದ್ದಾನೆ. ಡಾನ್ಸಿಗ್ ಪಟ್ಟಣದಲ್ಲಿ ಒಬ್ಬ ಒಂದೇ ಸಲಕ್ಕೆ ನಾಲ್ಕಾರು ಪಟ್ಟಿ ನೇಯುವ ಮಗ್ಗ ಮಾಡಿದನಂತೆ. ಇದರಿಂದ ಸಾವಿರಾರು ಜನ ಬೀದಿಗೆ ಬೀಳುತ್ತಾರೆಂದು ಹೆದರಿದ ನಗರಸಭೆ ಆ ಮಗ್ಗವನ್ನು ಬಚ್ಚಿಟ್ಟು, ಅದನ್ನು ಮಾಡಿದವನನ್ನು ಗುಟ್ಟಾಗಿ ಕತ್ತು ಹಿಸುಕಿಸಿತಂತೆ, ಇಲ್ಲವೇ ನೀರಿನಲ್ಲಿ ಮುಳುಗಿಸಿತಂತೆ. ಇದು ಕೇಳಿದ ಕಥೆ. ಮುಂದಿನದಕ್ಕೆ ದಾಖಲೆಯಿದೆ. ಹಾಲೆಂಡಿನ ಲೈಡನ್ನಿನಲ್ಲಿ ರಿಬ್ಬನ್ ನೇಕಾರರ ಗಲಾಟೆಗೆ ನಗರಸಭೆ ಮಗ್ಗಕ್ಕೆ ಕಡಿವಾಣ ಹಾಕಿತು. 1675ರ ಆಗಸ್ಟಿನಲ್ಲಿ ಲಂಡನ್ನಿನ ನೇಕಾರರು ಇವೇ ಮಗ್ಗಗಳನ್ನು ಮನೆಗಳಿಂದ ಹೊರಗೆಳೆದು ಬೀದಿಯಲ್ಲಿ ಸುಟ್ಟರು. 1685ರಲ್ಲಿ ಜರ್ಮನ್ ಸಾಮ್ರಾಜ್ಯದಾದ್ಯಂತ ಮಗ್ಗಕ್ಕೆ ನಿಷೇಧ. 1719ರಲ್ಲಿ ಆ ಆಜ್ಞೆ ಮತ್ತೆ ಜಾರಿ. ಹ್ಯಾಂಬರ್ಗಿನಲ್ಲಂತೂ ನಗರಸಭೆಯೇ ಮುಂದೆ ನಿಂತು ಒಂದು ಮಗ್ಗವನ್ನು ಎಲ್ಲರೆದುರು ಸುಡಿಸಿತು. ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ದಲ್ಲಿ ಇದನ್ನೆಲ್ಲ ಒಂದೊಂದಾಗಿ ಹೇಳಿ, ಮುಂದೆ ಬಂದ ನೂಲುವ, ನೇಯುವ ಯಂತ್ರಗಳಿಗೆಲ್ಲ ಈ ರಿಬ್ಬನ್ ಮಗ್ಗವೇ ಮುಂಗೋಳಿ ಎಂಬರ್ಥದ ಮಾತು ಬರೆಯುತ್ತಾನೆ.

ಪಟ್ಟಣಗಳ ನೇಕಾರರು ಹುಚ್ಚರಾಗಿರಲಿಲ್ಲ. ಇದನ್ನು ನಮ್ಮ ದೇವಬಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಂಪಣಿ ಬಲೆ ಎಳೆಯಲು ಊರಿಗೆ ಊರೇ ದಂಡೆಗೆ ಬರುತ್ತಿತ್ತು. ಎಳೆದವರಿಗೆಲ್ಲ ಪಾಲು, ಹಗ್ಗಕ್ಕೆ ಕೈ ಹಚ್ಚಿದ ಮುದುಕಿಗೂ ಒಂದು ಬುಟ್ಟಿ ಬಂಗಡೆ. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಮೀನು ದಂಡೆಗೆ ಬರುವ ಮೊದಲೇ ಅದನ್ನು ಸಮುದ್ರದಲ್ಲೇ ಸುತ್ತುಗಟ್ಟಿ ಎತ್ತುವ ಬೋಟು. ಜಗಳ, ಪ್ರತಿಭಟನೆ ಎಲ್ಲ ಆಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಬಲೆ ಹಂಚಿನ ಮನೆಯ ಅಟ್ಟ ಸೇರಿತು. ಬೋಟಿನಲ್ಲಿ ಇದ್ದವರಿಗೆ ಬದುಕಾಯಿತು, ದಂಡೆಯಲ್ಲಿ ನಿಂತವರಿಗೆ ಹೋಯಿತು. ಲೈಡನ್ನಿನ ಕಥೆ ಓದುವಾಗ ನನಗೆ ನೆನಪಾಗುವುದು ಆ ಅಟ್ಟ.

ನಿಷೇಧಿಸಿದ ಊರುಗಳು ಏನು ಗಳಿಸಿದವು ಅನ್ನುವುದಕ್ಕೆ ಬಾಸೆಲ್ ಉತ್ತರ. 1660ರ ದಶಕದ ಕೊನೆಗೆ ಎಮಾನುಯೆಲ್ ಹಾಫ್‌ಮನ್ ಎಂಬ ವ್ಯಾಪಾರಿ ಹಾಲೆಂಡಿನ ಹಾರ್ಲೆಮ್‌ನಿಂದ ಇಂಥ ಒಂದು ಮಗ್ಗವನ್ನು ಕದ್ದುಮುಚ್ಚಿ ಸ್ವಿಟ್ಜರ್ಲೆಂಡಿನ ಈ ಊರಿಗೆ ತಂದ. ಅಲ್ಲಿಯ ನೇಕಾರರೂ ಕೂಗಾಡಿದರು, ಆದರೆ ನಗರದ ಆಡಳಿತ ವ್ಯಾಪಾರಿಗಳ ಪರ ನಿಂತಿತು. ಮಗ್ಗ ಶೇಠರದ್ದು, ಮನೆ ಹಳ್ಳಿಯವನದ್ದು. ಸುತ್ತಲಿನ ಹಳ್ಳಿಗಳ ಒಳಕೋಣೆಗಳಲ್ಲೆಲ್ಲ ರಿಬ್ಬನ್ ಮಗ್ಗ. ರೇಷ್ಮೆ ರಿಬ್ಬನ್ನಿಗೆ ಬಣ್ಣ ಬೇಕು, ಬಣ್ಣಕ್ಕೆ ರಸಾಯನಶಾಸ್ತ್ರ ಬೇಕು. 1859ರಲ್ಲಿ ಅಲೆಕ್ಸಾಂಡರ್ ಕ್ಲಾವೆಲ್ ಎಂಬ ರೇಷ್ಮೆ ಬಣ್ಣಗಾರ ಅಲ್ಲಿ ಕೃತಕ ಬಣ್ಣ ತಯಾರಿಸತೊಡಗಿದ. ಅದೇ ಮುಂದೆ ಸೀಬಾ ಕಂಪನಿ, ಅದರ ವಂಶದಲ್ಲೇ ಇವತ್ತಿನ ನೊವಾರ್ಟಿಸ್. ನೀವು ನುಂಗುವ ಗುಳಿಗೆಯ ಮುತ್ತಜ್ಜ ಒಂದು ರಿಬ್ಬನ್ನು ಅಂದರೆ ನಂಬುತ್ತೀರಾ? ಅದೇ ಬಾಸೆಲ್ ಹತ್ತಿರದ ಫ್ರಿಕ್ ಎಂಬ ಊರಿನ ಯಾಕೋಬ್ ಮ್ಯೂಲರ್ ಕಂಪನಿ 1887ರಿಂದ ಈ ಕಸುಬಿನಲ್ಲಿದೆ. ಪಟ್ಟಿ ಮಗ್ಗ ಅಂದರೆ ಇಂದಿಗೂ ಜಗತ್ತಿನಲ್ಲಿ ಮೊದಲು ಬರುವ ಹೆಸರು ಅದು.

ಇಂಗ್ಲೆಂಡಿನಲ್ಲಿ ಈ ಮಗ್ಗ ಮ್ಯಾಂಚೆಸ್ಟರ್ ಸೇರಿತು. ದೊಡ್ಡ ಹತ್ತಿ ಮಿಲ್ಲುಗಳು ಬರುವ ಮೊದಲೇ ಆ ಊರು ಟೇಪು, ಲಾಡಿಗಳಿಗೆ ಹೆಸರಾಗಿತ್ತು. ಹಾರುವ ಲಾಳಿಯ ಜಾನ್ ಕೇ ಕೂಡ 1745ರಲ್ಲಿ ಜೋಸೆಫ್ ಸ್ಟೆಲ್ ಎಂಬಾತನ ಜೊತೆ ಸೇರಿ ಟೇಪು ಮಗ್ಗವೊಂದಕ್ಕೆ ಪೇಟೆಂಟ್ ಪಡೆದ. ಅದನ್ನು ಕೈಯ ಬದಲು ನೀರಿನ ಚಕ್ರದಂಥ ಬಲದಿಂದ ಓಡಿಸುವ ಆಲೋಚನೆ ಇತ್ತು. ಡಾರ್ಬಿಶೈರಿನ ವರ್ಕ್ಸ್‌ವರ್ತ್ ಎಂಬ ಸಣ್ಣ ಊರಿನಲ್ಲಿ ಒಂದು ಮಿಲ್ಲಿಗೆ ಹಾರ್ಲೆಮ್ ಅಂತಲೇ ಹೆಸರು. ಸರ್ಕಾರದ ಕಡತ ಕಟ್ಟುವ ಕೆಂಪು ಟೇಪು ನೇಯುವುದಕ್ಕೆ ಆ ಊರಿನ ಮಿಲ್ಲುಗಳು ಪ್ರಸಿದ್ಧ. ನಾವು ‘ಕೆಂಪುಪಟ್ಟಿ’ ಅಂತ ಬೈಯುವುದು ಇದನ್ನೇ. ಮಾತಿನ ಅಲಂಕಾರ ಅಲ್ಲ ಅದು, ನಿಜವಾದ ಪಟ್ಟಿ, ಗಜದ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಮಾಲು.

ಈ ಕೆಂಪುಪಟ್ಟಿ ಮ್ಯಾಂಚೆಸ್ಟರಿಗೇ ಸುತ್ತಿಕೊಂಡದ್ದು ನಮ್ಮ ಸದಾಶಿವಗಡದಲ್ಲಿ. ಅಮೆರಿಕದ ಹತ್ತಿಯನ್ನೇ ನಂಬಿ ಕೂರಬಾರದು, ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾಳಿ ಬಾಯಿಯಲ್ಲಿ ಹಡಗಿಗೆ ಏರಿಸಬೇಕು ಅಂತ ಅಲ್ಲಿಯ ವ್ಯಾಪಾರಿಗಳು ಯೋಜನೆ ಹಾಕಿದರು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಟ್ಟಿದರು. ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಕಳಿಸಿಯೂ ಬಿಟ್ಟರು. ಯಂತ್ರ ಬಂತು. ಘಟ್ಟದ ರಸ್ತೆ ಮುಗಿದಿರಲಿಲ್ಲ, ದಂಡೆಯಲ್ಲಿ ಜೆಟ್ಟಿ ಇರಲಿಲ್ಲ. ಆಗ ಉತ್ತರ ಕನ್ನಡ ಮದರಾಸು ಆಡಳಿತದಲ್ಲಿತ್ತು, ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಆಡಳಿತದಲ್ಲಿ. ಒಂದು ರಸ್ತೆಗೆ ಎರಡು ಸರ್ಕಾರ. ಕೊನೆಗೆ 1862ರಲ್ಲಿ ಉತ್ತರ ಕನ್ನಡವನ್ನೇ ಮುಂಬಯಿಗೆ ಸೇರಿಸಿದರು, ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಆದರೆ ಕಂಪನಿ ಹೆಚ್ಚು ಕಾಲ ಬಾಳಲಿಲ್ಲ. ನಮ್ಮ ಜಿಲ್ಲೆಯ ಗಡಿ ಬದಲಾದದ್ದರ ಹಿಂದೆ ಹತ್ತಿಯ ಒತ್ತಡ ಇತ್ತು ಅಂತ ಶಾಲೆಯಲ್ಲಿ ಹೇಳಿದರೆ ಮಕ್ಕಳು ಕಿವಿ ನಿಮಿರಿಸುತ್ತಾರೆ, ಮಾಸ್ತರಿಕೆಯ ಅನುಭವದಿಂದ ಹೇಳುತ್ತೇನೆ.

ಕವೆಂಟ್ರಿಯ ಕಥೆಯನ್ನೂ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಅದು ಇಂಗ್ಲೆಂಡಿನ ರೇಷ್ಮೆ ರಿಬ್ಬನ್ನಿನ ಊರು. 1831ರಲ್ಲಿ ಅಲ್ಲಿ ಉಗಿಯಿಂದ ಓಡುವ ರಿಬ್ಬನ್ ಕಾರ್ಖಾನೆಗೆ ನೇಕಾರರು ಬೆಂಕಿ ಇಟ್ಟರು. ಆದರೆ ಆ ಊರನ್ನು ಮುಳುಗಿಸಿದ್ದು ಯಂತ್ರವಲ್ಲ. 1860ರಲ್ಲಿ ಫ್ರಾನ್ಸಿನೊಡನೆ ಆದ ಒಂದು ವ್ಯಾಪಾರ ಒಪ್ಪಂದದಿಂದ ಸುಂಕ ಹೋಯಿತು, ಫ್ರೆಂಚ್ ರಿಬ್ಬನ್ನು ಒಳಗೆ ಬಂತು, ಸಾವಿರಾರು ಮನೆಗಳಲ್ಲಿ ಮಗ್ಗ ನಿಂತಿತು. ಉಳಿದವರು ಕಸುಬು ತಿರುಗಿಸಿಕೊಂಡರು. ಥಾಮಸ್ ಸ್ಟೀವನ್ಸ್ ಜಕಾರ್ಡ್ ಮಗ್ಗದಲ್ಲಿ ಚಿತ್ರವಿರುವ ರೇಷ್ಮೆ ಪುಟಗುರುತು ನೇಯ್ದ. ಕ್ಯಾಶ್ ಸಹೋದರರ ಕಂಪನಿ ಹೆಸರು ನೇಯ್ದ ಪಟ್ಟಿಗಳಿಗೆ, ಅಂದರೆ ಲೇಬಲ್ಲಿಗೆ, ಹೆಸರಾಯಿತು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಪ್ರತಿ ಅಂಗಿಯ ಕೊರಳಪಟ್ಟಿಯಲ್ಲಿ ಇರುವುದು ಇದರದೇ ಸಂತಾನ. ಕೊರಳ ಹಿಂದೆ ಲೇಬಲ್ಲು ಚುಚ್ಚುತ್ತದಲ್ಲ? ಅದು ಕಿರುಮಗ್ಗದಲ್ಲಿ ಹುಟ್ಟಿದ ಲೇಬಲ್ ಅಲ್ಲ. ಅಗ್ಗ ಆಗಲಿ ಅಂತ ಅಗಲ ಮಗ್ಗದಲ್ಲಿ ಒಟ್ಟಿಗೆ ನೇಯ್ದು, ಕಾದ ತಂತಿಯಲ್ಲಿ ಸೀಳಿದ್ದು. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಅಂಚು ಅದು. ನಿಜವಾದ ಅಂಚು ಚುಚ್ಚುವುದಿಲ್ಲ.

ಈಗ ಸೂಜಿ ಮಗ್ಗಕ್ಕೆ ಬರೋಣ. ಲಾಳಿಗೆ ಒಂದು ಶಾಪ ಇದೆ. ಅದು ತನ್ನ ದಾರವನ್ನು ತಾನೇ ಹೊಟ್ಟೆಯಲ್ಲಿ ಹೊತ್ತು ತಿರುಗಬೇಕು. ಪುಟ್ಟ ಲಾಳಿಯಲ್ಲಿ ಎಷ್ಟು ದಾರ ಹಿಡಿದೀತು? ಮುಗಿಯುತ್ತಲೇ ಮಗ್ಗ ನಿಲ್ಲಿಸಿ ಕಂಡಿಕೆ ಬದಲಿಸಬೇಕು. ಮೇಲಾಗಿ ಭಾರದ ಲಾಳಿಯನ್ನು ನಿಮಿಷಕ್ಕೆ ನೂರಿನ್ನೂರು ಸಲಕ್ಕಿಂತ ಹೆಚ್ಚು ಓಡಾಡಿಸುವುದು ಕಷ್ಟ. ಇಪ್ಪತ್ತನೇ ಶತಮಾನದ ಯಂತ್ರಗಾರರು ಲಾಳಿಯನ್ನೇ ಕಿತ್ತೆಸೆದರು. ಅದರ ಜಾಗದಲ್ಲಿ ಬಾಗಿದ ಉಕ್ಕಿನ ತೋಳು, ತುದಿಯಲ್ಲಿ ಕಣ್ಣು, ಅದೇ ಸೂಜಿ. ದಾರದ ದೊಡ್ಡ ಉಂಡೆ ಮಗ್ಗದ ಹೊರಗೆ ನಿಶ್ಚಿಂತೆಯಿಂದ ನಿಂತಿರುತ್ತದೆ. ಸೂಜಿ ಒಂದು ಕಡೆಯಿಂದ ಮಾತ್ರ ಒಳಗೆ ಹೋಗಿ, ದಾರವನ್ನು ಕುಣಿಕೆಯಾಗಿ ಆ ಅಂಚಿಗೆ ಮುಟ್ಟಿಸಿ, ಅದೇ ಸಂದಿಯಿಂದ ವಾಪಸು ಬರುತ್ತದೆ. ಹೋಗುವಾಗ ಒಂದು ಎಳೆ, ಬರುವಾಗ ಒಂದು ಎಳೆ. ಹಾಗಾಗಿ ಪ್ರತಿ ಸಂದಿಯಲ್ಲಿ ಹೊಕ್ಕು ಜೋಡಿ. ಸೂಜಿ ವಾಪಸು ಬಂದರೆ ಆ ಕುಣಿಕೆಯನ್ನು ಹಿಡಿದುಕೊಳ್ಳುವವರು ಯಾರು? ಅದಕ್ಕೆ ಆ ಅಂಚಿನಲ್ಲಿ ಇನ್ನೊಂದು ಪುಟ್ಟ ಕೊಕ್ಕೆ ಕಾಯುತ್ತಿರುತ್ತದೆ. ಬಂದ ಕುಣಿಕೆಯನ್ನು ಹಿಂದಿನ ಕುಣಿಕೆಯೊಳಗಿಂದ ಎಳೆದು ಹೆಣೆಯುತ್ತದೆ. ಮೊದಲಿಗೆ ನೀವು ನೋಡಿದ ಸರಪಳಿ ಇದೇ. ಒಂದು ಅಂಚು ನೇಯ್ದದ್ದು, ಇನ್ನೊಂದು ಹೆಣೆದದ್ದು. ನಿಮಿಷಕ್ಕೆ ಸಾವಿರ, ಎರಡು ಸಾವಿರ ಸಲ ಈ ಆಟ ನಡೆಯುತ್ತದೆ. ಇಂಥ ಯಂತ್ರಗಳು ಈಗ ಸೂರತ್ತಿನಲ್ಲೂ ತಯಾರಾಗುತ್ತವೆ. ಒಬ್ಬ ಕೆಲಸಗಾರ ಹಲವು ಮಗ್ಗ ನೋಡಿಕೊಳ್ಳುತ್ತಾನೆ. ಹಳೆಯ ಲಾಳಿ ಟೇಪು ಮಗ್ಗಗಳು ಗುಜರಿಗೆ ಹೋದವು. ಅದರ ಮುಂದೆ ಕೂತವರು ಎಲ್ಲಿ ಹೋದರು ಅಂತ ಕೇಳಿದವರು ಕಡಿಮೆ. ಈ ಸಲ ಮಗ್ಗವನ್ನು ಯಾರೂ ಸುಡಲಿಲ್ಲ.

ಹೆಣೆದ ಅಂಚಿನ ಗುಣದೋಷ ಸ್ವೆಟರಿನದ್ದೇ. ಕೊನೆಯ ಕುಣಿಕೆ ಸಿಕ್ಕರೆ ಸರಸರ ಅಂತ ಬಿಚ್ಚಿಕೊಂಡು ಬರುತ್ತದೆ. ಇದಕ್ಕೆ ಮದ್ದು ಇಲ್ಲದಿಲ್ಲ. ಆ ಅಂಚಿಗೆ ಬೇರೆಯದೇ ಒಂದು ಬೀಗದ ದಾರವನ್ನು ತಂದು ಪ್ರತಿ ಕುಣಿಕೆಯನ್ನೂ ಅದರ ಜೊತೆ ಹೆಣೆದರೆ ಒಂದು ಕಡೆ ಹರಿದರೂ ಮುಂದಕ್ಕೆ ಓಡುವುದಿಲ್ಲ. ಸೀಟ್ ಬೆಲ್ಟಿನಂಥ ಪಟ್ಟಿಯಲ್ಲಿ ಇದರ ಜೊತೆ ರಾಜಿ ಸಲ್ಲ. ಆದರೆ ಬೀಗದ ದಾರ ಅಂದರೆ ಒಂದು ದಾರ ಹೆಚ್ಚು, ಒಂದು ಉಂಡೆ ಹೆಚ್ಚು, ನಾಲ್ಕು ಕಾಸು ಹೆಚ್ಚು. ಅಗ್ಗದ ಮಾಲಿನಲ್ಲಿ ಮೊದಲು ಹೋಗುವುದು ಅದೇ.

ಇದು ಪುಸ್ತಕದ ಮಾತಾಗಿ ಉಳಿಯದೆ ಇರುವುದಕ್ಕೆ ಕಾರಣ ಇದೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ವಾಪಸಾಗುತ್ತಿದ್ದ ದೋಣಿ ನಮ್ಮ ಕಣ್ಣೆದುರಿನ ಸಮುದ್ರದಲ್ಲೇ ಮುಗುಚಿ 16 ಜನ ಸತ್ತರು, ಪುಟ್ಟ ಮಕ್ಕಳೂ ಸೇರಿ. ಅದಾದ ಮೇಲೆ ದೋಣಿ ಹತ್ತುವಾಗ ನನ್ನ ಕಣ್ಣು ಮೊದಲು ಹೋಗುವುದು ಜೀವರಕ್ಷಕ ಜಾಕೆಟ್ಟಿನ ಮೇಲೆ, ಜಾಕೆಟ್ಟಿನಲ್ಲೂ ಅದರ ಸೊಂಟದ ಪಟ್ಟಿಯ ಮೇಲೆ. ಜಾಕೆಟ್ಟಿನೊಳಗೆ ಎಷ್ಟೇ ಒಳ್ಳೆಯ ಫೋಮ್ ಇರಲಿ, ಮೈಗೆ ಅದನ್ನು ಹಿಡಿದಿಡುವುದು ಒಂದೂವರೆ ಇಂಚಿನ ಪಟ್ಟಿ. ಹೋದ ಬೇಸಿಗೆಯಲ್ಲಿ ಒಂದು ದೋಣಿಯಲ್ಲಿ ನನಗೆ ಸಿಕ್ಕ ಜಾಕೆಟ್ಟಿನ ಪಟ್ಟಿ ಒಂದು ಅಂಚಿನಲ್ಲಿ ಗೇಣುದ್ದ ಬಿಚ್ಚಿ ಹೊಕ್ಕಿನ ಕುಣಿಕೆಗಳು ಗಡ್ಡದ ಹಾಗೆ ಹೊರಗೆ ಬಂದಿದ್ದವು. ಇನ್ನೊಂದು ಅಂಚು ಹೊಸದರಂತೆ ಇತ್ತು. ದೋಣಿ ಯಾರದ್ದು ಅನ್ನುವುದು ಇಲ್ಲಿ ಬೇಡ.

“ತಮ್ಮಾ, ಇದು ಬಿಚ್ಕೊಂಡಿದೆ ನೋಡು” ಅಂದೆ.

“ನೈಲಾನ್ ಅಲ್ವಾ ಮಾಸ್ತರ್ರೇ, ಬೆಂಕಿ ತಾಗಿಸಿದ್ರೆ ಆಯ್ತು” ಅಂತ ಹುಡುಗ ಲೈಟರ್ ತೆಗೆದ.

“ಕತ್ತರಿಸಿದ ತುದಿಗೆ ಬೆಂಕಿ ತಾಗಿಸು, ಬೇಡ ಅನ್ನೋದಿಲ್ಲ. ಪಕ್ಕದ ಅಂಚಿಗೆ ತಾಗಿಸಿದ್ರೆ ಹಾಸಿನ ದಾರಾನೂ ಸುಡ್ತದೆ. ಭಾರ ಹೊರೋದು ಅದೇ.”

ಅವನು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಎರಡು ಅಂಚು ಬೇರೆ ಬೇರೆ ಅಂತ ಅವನಿಗೂ ಆಗಲೇ ಕಂಡದ್ದು. ಅದನ್ನು ಹಲಗೆಯ ಕೆಳಗೆ ತಳ್ಳಿ ಬೇರೆ ಜಾಕೆಟ್ ಕೊಟ್ಟ. ಆಮೇಲೆ ಉಳಿದ ಜಾಕೆಟ್ಟುಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿಯತೊಡಗಿದ. ಇನ್ನೂ ಎರಡು ಹಲಗೆಯ ಕೆಳಗೆ ಹೋದವು. ದೋಣಿ ಹೊರಡುವುದು ತಡವಾಗಿ ಪ್ರವಾಸಿಗರು ಗೊಣಗಿದರು.

ಅಂದಹಾಗೆ ಲಾಳಿ ಪೂರ್ತಿ ಸತ್ತಿಲ್ಲ. ಎರಡೂ ಅಂಚು ಒಂದೇ ಥರ ಇರಲೇಬೇಕಾದ ಕಡೆ ಅದು ಇಂದಿಗೂ ಬೇಕು. ಮುಖ್ಯವಾಗಿ ಒಂದು ಕಡೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಉಬ್ಬಿ ಒಡೆಯುವ ಸ್ಥಿತಿಗೆ ಬಂದಾಗ ಆ ಭಾಗ ತೆಗೆದು ಪಾಲಿಯೆಸ್ಟರಿನ ಕೊಳವೆ ಜೋಡಿಸುತ್ತಾರೆ. ಆ ಕೊಳವೆಗೆ ಹೊಲಿಗೆ ಇರಬಾರದು, ಒಂದು ಬದಿಯಲ್ಲಿ ಸರಪಳಿಯ ಉಬ್ಬೂ ಇರಬಾರದು. ಸೂಜಿ ಮಗ್ಗಕ್ಕೆ ಇದು ಆಗದ ಕೆಲಸ. ಲಾಳಿ ಮಗ್ಗದಲ್ಲಿ ಎರಡು ಪದರ ಹಾಸು ಕಟ್ಟುತ್ತಾರೆ. ಲಾಳಿ ಮೇಲಿನ ಪದರದಲ್ಲಿ ಹೋಗಿ, ಕೆಳಗಿನ ಪದರದಲ್ಲಿ ವಾಪಸು ಬರುತ್ತದೆ. ಮತ್ತೆ ಮೇಲೆ, ಮತ್ತೆ ಕೆಳಗೆ. ದಾರ ಎಲ್ಲೂ ಕಡಿಯದೆ ಸುತ್ತುತ್ತಲೇ ಹೋಗುತ್ತದೆ. ಮಗ್ಗದಿಂದ ಇಳಿಯುವಾಗ ಅದು ಚಪ್ಪಟೆಯಾದ ಬಿಳಿ ಪಟ್ಟಿ, ಲಾಟೀನಿನ ಬತ್ತಿಯ ಹಾಗೆ. ಬೆರಳು ತೂರಿಸಿದರೆ ಕೊಳವೆಯಾಗಿ ತೆರೆದುಕೊಳ್ಳುತ್ತದೆ.